ಯಂತ್ರದೊಳಗಿನ ಒಂದು ಅಂಕಿ: ದಕ್ಷಿಣ ಆಸ್ಟ್ರೇಲಿಯಾ ಕತ್ತಲಾದ ದಿನ ಮತ್ತು ಆಮೇಲೆ ಬಂದ ಬ್ಯಾಟರಿ

2016ರ ಸೆಪ್ಟೆಂಬರ್ 28, ಬುಧವಾರ. ಮಧ್ಯಾಹ್ನ 3 ಗಂಟೆ 48 ನಿಮಿಷಕ್ಕೆ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಕರೆಂಟ್ ಹೋಯಿತು. ಒಂದು ಊರಿನದ್ದಲ್ಲ, ಒಂದು ಲೈನಿನದ್ದಲ್ಲ, ಇಡೀ ರಾಜ್ಯದ್ದು. ಸುಮಾರು 8.5 ಲಕ್ಷ ಗ್ರಾಹಕರಿಗೆ ಒಂದೇ ಹೊತ್ತಿಗೆ ಪೂರೈಕೆ ನಿಂತಿತು. ಅಡಿಲೇಡ್ ನಗರದಲ್ಲಿ ಟ್ರಾಫಿಕ್ ಸಿಗ್ನಲ್ ಆರಿದವು, ಟ್ರ್ಯಾಮ್‌ಗಳು ನಿಂತವು. ಒಂದು ಆಸ್ಪತ್ರೆಯಲ್ಲಿ ತುರ್ತು ಜನರೇಟರ್ ಕೂಡ ಕೈಕೊಟ್ಟಿತು. ಮಗುವಿಗಾಗಿ ಚಿಕಿತ್ಸೆ ಪಡೆಯುತ್ತಿದ್ದ ದಂಪತಿಗಳ ಭ್ರೂಣಗಳು ಅಲ್ಲಿ ಹಾಳಾದವು. ಕರೆಂಟ್ ಹೋಗುವುದು ಅಂದರೆ ಬರೀ ದೀಪ ಆರುವುದಲ್ಲ ಅನ್ನುವುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ನನಗೆ ಗೊತ್ತಿಲ್ಲ.

ಈ ಘಟನೆಯ ನಂತರ ಬಂದ ದೊಡ್ಡ ಬ್ಯಾಟರಿಯ ಕಥೆ ಜಗತ್ತಿಗೆಲ್ಲ ಗೊತ್ತು. 100 ದಿನದಲ್ಲಿ ಕಟ್ಟುತ್ತೇವೆ, ಆಗದಿದ್ದರೆ ಹಣ ಬೇಡ ಎಂದ ಪಂದ್ಯದ ಕಥೆ ಅದು. ಆದರೆ ವಿದ್ಯುತ್ ಸಂಸ್ಥೆಯೊಂದು ಹೊಸ ತಂತ್ರಜ್ಞಾನವನ್ನು ಹೇಗೆ ನಿಭಾಯಿಸಬೇಕು ಎಂದು ಕಲಿಯಲು ಆ ಪಂದ್ಯ ಅಷ್ಟೇನೂ ಸಹಾಯ ಮಾಡುವುದಿಲ್ಲ. ಕಲಿಯಬೇಕಾದದ್ದು ಅದರ ಹಿಂದೆ ಮುಂದೆ ನಡೆದದ್ದರಲ್ಲಿದೆ. ಹಾಗಾಗಿ ಈ ಅಧ್ಯಯನವನ್ನು ಬ್ಯಾಟರಿಯಿಂದ ಶುರು ಮಾಡದೆ, ಕತ್ತಲಾಗುವ ಮುಂಚಿನ ಎರಡು ನಿಮಿಷಗಳಿಂದ ಶುರು ಮಾಡುತ್ತೇನೆ.

ಆ ಎರಡು ನಿಮಿಷ

ಅಂದು ಬಿರುಗಾಳಿಯಿತ್ತು. ಅದು ಗೊತ್ತೇ ಇತ್ತು, ಮುನ್ಸೂಚನೆಯೂ ಇತ್ತು. ಗೊತ್ತಿಲ್ಲದೆ ಬಂದದ್ದು ಎರಡು ಸುಂಟರಗಾಳಿ. ಗಂಟೆಗೆ 190ರಿಂದ 260 ಕಿಲೋಮೀಟರ್ ವೇಗದ ಗಾಳಿ ಬೀಸಿ 275 ಕಿಲೋವೋಲ್ಟ್ ಲೈನುಗಳ ಟವರ್‌ಗಳನ್ನು ಮಡಚಿ ಹಾಕಿತು. ಲೈನು ನೆಲಕ್ಕೆ ತಾಗಿದಾಗೆಲ್ಲ ಗ್ರಿಡ್‌ನ ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತದೆ, ಮತ್ತೆ ಏಳುತ್ತದೆ. ಎರಡು ನಿಮಿಷದೊಳಗೆ ಹೀಗೆ ಆರು ಸಲ ಆಯಿತು.

ಅದಕ್ಕೆ ಸ್ವಲ್ಪ ಮೊದಲು ರಾಜ್ಯದ ಬೇಡಿಕೆ 1,826 ಮೆಗಾವ್ಯಾಟ್ ಇತ್ತು. ಅದರಲ್ಲಿ 883 ಗಾಳಿಯಿಂದ, 330 ಅನಿಲ ಸ್ಥಾವರಗಳಿಂದ, 613 ಪಕ್ಕದ ವಿಕ್ಟೋರಿಯಾ ರಾಜ್ಯದಿಂದ ಬರುತ್ತಿತ್ತು. ರಾಜ್ಯದ ಕೊನೆಯ ಕಲ್ಲಿದ್ದಲು ಸ್ಥಾವರ ಅದೇ ವರ್ಷ ಮೇ ತಿಂಗಳಲ್ಲಿ ಮುಚ್ಚಿತ್ತು.

ಗಾಳಿಯಂತ್ರಗಳು ಮೊದಲ ಕುಸಿತಗಳನ್ನು ಚೆನ್ನಾಗಿಯೇ ತಡೆದುಕೊಂಡವು. ವೋಲ್ಟೇಜ್ ಬಿದ್ದಾಗ ಸ್ವಲ್ಪ ಹಿಂದೆ ಸರಿದು, ಅದು ಎದ್ದಾಗ ಮತ್ತೆ ಪೂರ್ತಿ ಕೊಡುವುದನ್ನು ಅವುಗಳಿಗೆ ಕಲಿಸಲಾಗಿತ್ತು. ಆಮೇಲೆ, ಒಂದು ಹಂತದಲ್ಲಿ, ಒಂಬತ್ತು ಗಾಳಿ ವಿದ್ಯುತ್ ಕೇಂದ್ರಗಳು ಒಂದರ ಹಿಂದೆ ಒಂದು ಉತ್ಪಾದನೆ ಇಳಿಸಿದವು. ಏಳು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ 456 ಮೆಗಾವ್ಯಾಟ್ ಮಾಯವಾಯಿತು.

ಆ ಕೊರತೆ ತುಂಬುವ ಭಾರವೆಲ್ಲ ವಿಕ್ಟೋರಿಯಾದಿಂದ ಬರುವ ಹೇವುಡ್ ಸಂಪರ್ಕದ ಮೇಲೆ ಬಿತ್ತು. ಅದರಲ್ಲಿ ಹರಿವು 850–900 ಮೆಗಾವ್ಯಾಟ್‌ಗೆ ಏರಿತು. ಅಪಾಯ ಕಂಡರೆ ಲೈನು ಬಿಡಿಸುವ ರಕ್ಷಣಾ ರಿಲೇ ತನ್ನ ಕೆಲಸ ಮಾಡಿತು, ಸಂಪರ್ಕ ಟ್ರಿಪ್ ಆಯಿತು, ಅಂದರೆ ತಾನಾಗಿ ಕಡಿದುಕೊಂಡಿತು. ಈಗ ದಕ್ಷಿಣ ಆಸ್ಟ್ರೇಲಿಯಾ ಒಂಟಿ. ಇಷ್ಟು ಬೇಡಿಕೆಗೆ ಇಷ್ಟೇ ಇಷ್ಟು ಉತ್ಪಾದನೆ. ಗ್ರಿಡ್‌ನ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬುದೇ ಫ್ರೀಕ್ವೆನ್ಸಿ; ಉತ್ಪಾದನೆ ಸಾಲದಿದ್ದರೆ ಅದು ಇಳಿಯುತ್ತದೆ. 50 ಹರ್ಟ್ಸ್ ಇರಬೇಕಾದ ಅದು ಸೆಕೆಂಡಿಗೆ ಸುಮಾರು 6 ಹರ್ಟ್ಸ್ ವೇಗದಲ್ಲಿ ಬಿತ್ತು. ಇಂಥ ಹೊತ್ತಿನಲ್ಲಿ ತಾನಾಗಿಯೇ ಲೋಡ್ ಕತ್ತರಿಸಿ ಉಳಿದದ್ದನ್ನು ಕಾಪಾಡುವ ವ್ಯವಸ್ಥೆಯೊಂದಿತ್ತು. ಆದರೆ ಅದನ್ನು ಮಾಡಿದ್ದು ಸೆಕೆಂಡಿಗೆ 3 ಹರ್ಟ್ಸ್‌ವರೆಗಿನ ಕುಸಿತಕ್ಕೆ. ಅದು ಎಚ್ಚರಗೊಳ್ಳುವ ಮೊದಲೇ ಎಲ್ಲ ಮುಗಿದಿತ್ತು.

ಗ್ರಿಡ್ ಮತ್ತೆ ಎಬ್ಬಿಸುವ ಕೆಲಸವೂ ಸಲೀಸಾಗಲಿಲ್ಲ. ಪೂರ್ತಿ ಕತ್ತಲಲ್ಲಿ ಹೊರಗಿನ ಕರೆಂಟ್ ಇಲ್ಲದೆ ಚಾಲೂ ಆಗಬೇಕೆಂದು ಎರಡು ಸ್ಥಾವರಗಳಿಗೆ ಗುತ್ತಿಗೆಯ ಹಣ ಕೊಡಲಾಗುತ್ತಿತ್ತು. ಅಂದು ಎರಡೂ ಆ ಕೆಲಸ ಮಾಡಲಿಲ್ಲ. ಒಂದರಲ್ಲಿ ತುರ್ತು ಡೀಸೆಲ್ ಜನರೇಟರ್ ಕೆಟ್ಟಿತು. ಕೊನೆಗೆ ವಿಕ್ಟೋರಿಯಾ ಕಡೆಯಿಂದ ಕರೆಂಟ್ ತಂದು ಎಬ್ಬಿಸಬೇಕಾಯಿತು. ಮಧ್ಯರಾತ್ರಿಯ ಹೊತ್ತಿಗೆ 80–90 ಶೇಕಡಾ ಲೋಡ್‌ಗೆ ಕರೆಂಟ್ ಬಂತು. ಟವರ್ ಬಿದ್ದ ಉತ್ತರ ಭಾಗಕ್ಕೆ ಪೂರ್ತಿ ಬರುವಾಗ ಅಕ್ಟೋಬರ್ 11.

ಯಾರಿಗೂ ಹೇಳದ ಅಂಕಿ

ಮರುದಿನದಿಂದಲೇ ಜಗಳ ಶುರುವಾಯಿತು. ಗಾಳಿಯನ್ನು ನಂಬಿದ್ದೇ ತಪ್ಪು ಎಂದು ಒಂದು ಕಡೆ. ಟವರ್ ಬಿದ್ದರೆ ಕಲ್ಲಿದ್ದಲಾದರೂ ಏನು ಮಾಡೀತು ಎಂದು ಇನ್ನೊಂದು ಕಡೆ. ಎರಡೂ ಕಡೆಯವರಿಗೆ ಉತ್ತರ ಮೊದಲೇ ಗೊತ್ತಿದ್ದಂತಿತ್ತು. ನಿಜವಾದ ಉತ್ತರ ನಿಧಾನವಾಗಿ ಬಂತು, ಮತ್ತು ಅದು ಎರಡೂ ಕಡೆಗೆ ಸೇರಿರಲಿಲ್ಲ.

ಗ್ರಿಡ್ ನಡೆಸುವ ಸಂಸ್ಥೆ ಆಸ್ಟ್ರೇಲಿಯನ್ ಎನರ್ಜಿ ಮಾರ್ಕೆಟ್ ಆಪರೇಟರ್. ಎಇಎಂಒ ಎಂದು ಕರೆಯುತ್ತಾರೆ. ಅದು ತನಿಖೆ ಮಾಡಿ 2017ರ ಮಾರ್ಚ್‌ನಲ್ಲಿ ಕೊನೆಯ ವರದಿ ಕೊಟ್ಟಿತು. ಅದರಲ್ಲಿ ಕಂಡದ್ದು ಇದು: ಗಾಳಿಯಂತ್ರದ ನಿಯಂತ್ರಣ ಸಾಫ್ಟ್‌ವೇರ್‌ನಲ್ಲಿ ಒಂದು ಅಂಕಿ ಇತ್ತು. ಇಷ್ಟು ನಿಮಿಷದೊಳಗೆ ಇಷ್ಟು ಸಲ ಮಾತ್ರ ವೋಲ್ಟೇಜ್ ಕುಸಿತ ತಡೆದುಕೋ, ಅದಕ್ಕಿಂತ ಜಾಸ್ತಿ ಆದರೆ ಉತ್ಪಾದನೆ ಇಳಿಸು ಅಥವಾ ಕಳಚಿಕೋ ಎಂದು. ಪ್ರತಿ ಕುಸಿತದಲ್ಲೂ ಯಂತ್ರಕ್ಕೆ ಪೆಟ್ಟು ಬೀಳುತ್ತದೆ. ತಯಾರಕರು ತಮ್ಮ ಯಂತ್ರ ಉಳಿಸಿಕೊಳ್ಳಲು ಹಾಕಿದ ಮಿತಿ ಅದು. ಅವರ ಕಡೆಯಿಂದ ನೋಡಿದರೆ ಸರಿಯಾದ ಯೋಚನೆಯೇ.

ತೊಂದರೆ ಏನೆಂದರೆ, ಆ ಮಿತಿ ಇದೆ ಎಂದು ಎಇಎಂಒಗೆ ಗೊತ್ತಿರಲಿಲ್ಲ. ಯಂತ್ರ ಗ್ರಿಡ್‌ಗೆ ಸೇರುವಾಗ ಕೊಟ್ಟ ಕಂಪ್ಯೂಟರ್ ಮಾದರಿಯಲ್ಲಿ ಅದು ಇರಲಿಲ್ಲ. ಒಂದು ಕುಸಿತ ಬಂದರೆ ಏನಾಗುತ್ತದೆ ಎಂದು ಮಾದರಿ ಸರಿಯಾಗಿ ಹೇಳುತ್ತಿತ್ತು. ಎರಡು ನಿಮಿಷದಲ್ಲಿ ಆರು ಬಂದರೆ ಏನಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಕಂಟ್ರೋಲ್ ರೂಮಿನಲ್ಲಿ ಕುಳಿತವರ ಪರದೆಯ ಮೇಲೆ 883 ಮೆಗಾವ್ಯಾಟ್ ಗಟ್ಟಿಯಾಗಿ ನಿಂತಿತ್ತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದು ಎಣಿಕೆಗೆ ಕಟ್ಟುಬಿದ್ದಿದೆ ಎಂದು ಆ ಪರದೆ ಹೇಳುವ ಹಾಗಿರಲಿಲ್ಲ. ಆ ಮಧ್ಯಾಹ್ನ ಅಲ್ಲಿ ಕುಳಿತಿದ್ದವರ ಜಾಗದಲ್ಲಿ ನಿಮ್ಮನ್ನು ಇಟ್ಟುಕೊಂಡು ನೋಡಿ. ಇರುವ ಮಾಹಿತಿಯಲ್ಲಿ ಯಾವ ತಪ್ಪೂ ಕಾಣುತ್ತಿರಲಿಲ್ಲ, ಅಲ್ವಾ?

ಆ 456 ಮೆಗಾವ್ಯಾಟ್ ಹೋಗದಿದ್ದರೆ ರಾಜ್ಯ ವಿಕ್ಟೋರಿಯಾ ಜೊತೆ ಸೇರಿಕೊಂಡೇ ಇರುತ್ತಿತ್ತು, ಪೂರ್ತಿ ಕತ್ತಲೆ ತಪ್ಪುತ್ತಿತ್ತು ಎಂದು ವರದಿ ಹೇಳಿತು. ಇನ್ನೊಂದು ಮಾತೂ ಅದರಲ್ಲಿತ್ತು, ನನ್ನನ್ನು ಹೆಚ್ಚು ಕಾಡಿದ್ದು ಅದೇ. ಘಟನೆಯಾದ ಸ್ವಲ್ಪ ದಿನದಲ್ಲೇ ಆ ಸೆಟ್ಟಿಂಗ್‌ಗಳನ್ನು ಬದಲಾಯಿಸಲಾಯಿತು. ಹೊಸ ಯಂತ್ರ ಬೇಕಾಗಲಿಲ್ಲ, ಹೊಸ ಲೈನು ಬೇಕಾಗಲಿಲ್ಲ. ಅಂದರೆ ಇಷ್ಟು ಸುಲಭದ ಪರಿಹಾರ ಮೊದಲಿನಿಂದಲೂ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಕೇಳಬೇಕಾದ ಪ್ರಶ್ನೆಯನ್ನು ಕೇಳುವ ಹೊಣೆ ಮಾತ್ರ ಯಾರ ಹೆಸರಿಗೂ ಬರೆದಿರಲಿಲ್ಲ.

ಮುಂದೆ ಒಪ್ಪಿಗೆ ಇಲ್ಲದ ಸೆಟ್ಟಿಂಗ್ ಇಟ್ಟುಕೊಂಡಿದ್ದಕ್ಕೆ ಕೆಲವು ಗಾಳಿ ವಿದ್ಯುತ್ ಕಂಪನಿಗಳಿಗೆ ಫೆಡರಲ್ ಕೋರ್ಟ್ ದಂಡ ಹಾಕಿತು. 2018ರಲ್ಲಿ ನಿಯಮವೂ ಬದಲಾಯಿತು. ಹೊಸ ಉತ್ಪಾದಕರು ಒಂದರ ಹಿಂದೆ ಒಂದು ಬರುವ ಹಲವು ಕುಸಿತಗಳನ್ನು ತಡೆದುಕೊಳ್ಳಬೇಕೆಂಬ ಮಾನದಂಡ ಬಂತು.

ರಾಜ್ಯದ ಮುಂದಿದ್ದ ದಾರಿಗಳು

2017ರ ಫೆಬ್ರವರಿ 8. ಭಾರಿ ಬಿಸಿಲು, ಸಂಜೆ ಬೇಡಿಕೆ ಏರಿತು, ಉತ್ಪಾದನೆ ಸಾಲಲಿಲ್ಲ. 100 ಮೆಗಾವ್ಯಾಟ್ ಲೋಡ್ ಶೆಡ್ಡಿಂಗ್ ಮಾಡಿ ಎಂದು ಎಇಎಂಒ ಹೇಳಿತು. ಕತ್ತರಿಸಲ್ಪಟ್ಟದ್ದು 300 ಮೆಗಾವ್ಯಾಟ್. ಲೋಡ್ ಶೆಡ್ಡಿಂಗ್ ಮಾಡುವ ಸಾಫ್ಟ್‌ವೇರ್‌ನಲ್ಲೇ ದೋಷವಿತ್ತು. ಸುಮಾರು 90,000 ಗ್ರಾಹಕರು ಕತ್ತಲಲ್ಲಿ ಕುಳಿತರು. ಐದು ತಿಂಗಳಲ್ಲಿ ಎರಡನೇ ಸಲ, ಲೋಹ ಮತ್ತು ತಂತಿಯ ಜೊತೆಗೆ ಕಣ್ಣಿಗೆ ಕಾಣದ ಕೋಡ್ ಕೂಡ ಜನರ ದೀಪ ಆರಿಸಿತ್ತು.

ಆಗ ರಾಜ್ಯದ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಯಂಥ ಹುದ್ದೆಯಲ್ಲಿದ್ದವರು, ಜೇ ವೆದರಿಲ್. ಅವರ ಸರ್ಕಾರ ಮಾರ್ಚ್ 14ರಂದು 55 ಕೋಟಿ ಆಸ್ಟ್ರೇಲಿಯನ್ ಡಾಲರ್‌ನ ಯೋಜನೆ ಪ್ರಕಟಿಸಿತು. ಅದರಲ್ಲಿ ದೊಡ್ಡ ಬ್ಯಾಟರಿಯೂ ಇತ್ತು, ಸರ್ಕಾರಿ ಒಡೆತನದ ಅನಿಲ ಸ್ಥಾವರವೂ ಇತ್ತು. ಪತ್ರಿಕೆಗಳ ಗಮನವೆಲ್ಲ ಬ್ಯಾಟರಿಯ ಮೇಲೆ ಬಿತ್ತು. ಕಾರಣ, ನಾಲ್ಕು ದಿನದ ಹಿಂದೆ ಟೆಸ್ಲಾದ ಈಲಾನ್ ಮಸ್ಕ್ ಟ್ವಿಟರ್‌ನಲ್ಲಿ 100 ದಿನದ ಸವಾಲು ಹಾಕಿದ್ದರು. ಆಸ್ಟ್ರೇಲಿಯಾದ ಸಾಫ್ಟ್‌ವೇರ್ ಉದ್ಯಮಿ ಮೈಕ್ ಕ್ಯಾನನ್-ಬ್ರೂಕ್ಸ್ ನಿಜವಾಗಿಯೂ ಆಗುತ್ತದಾ ಎಂದು ಕೇಳಿದ್ದಕ್ಕೆ ಬಂದ ಉತ್ತರ ಅದು.

ಆ ಸದ್ದಿನ ನಡುವೆ ಒಂದು ಒಳ್ಳೆಯ ತೀರ್ಮಾನ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ಸರ್ಕಾರ ಬ್ಯಾಟರಿಯೊಂದನ್ನೇ ನಂಬಿ ಕೂರಲಿಲ್ಲ. ಮುಂದಿನ ಬೇಸಿಗೆಗೆಂದು ಡೀಸೆಲ್‌ನಲ್ಲಿ ಓಡುವ 276 ಮೆಗಾವ್ಯಾಟ್‌ನ ತಾತ್ಕಾಲಿಕ ಜನರೇಟರ್‌ಗಳನ್ನೂ ತಂದಿಟ್ಟಿತು. ಪರಿಸರ ಕಾಳಜಿಯವರಿಗೆ ಇದು ಇಷ್ಟವಾಗಲಿಲ್ಲ. ನನಗೆ ಇದು ಸರಿ ಅನಿಸುತ್ತದೆ. ಆ ಗಾತ್ರದ ಲಿಥಿಯಂ ಬ್ಯಾಟರಿ ಆಗ ಜಗತ್ತಿನಲ್ಲಿ ಎಲ್ಲೂ ಇರಲಿಲ್ಲ. ಮೊದಲ ಸಲ ಬರುವ ವಸ್ತು ಕೈಕೊಟ್ಟರೆ ಅದರ ನಷ್ಟ ಬಿಸಿಲಲ್ಲಿ ಕುಳಿತ ಜನರಿಗೆ. ಹೊಸದಕ್ಕೆ ಅವಕಾಶ ಕೊಡಬೇಕಾದರೆ, ಅದು ಸೋತರೂ ಜನ ಸೋಲದ ಹಾಗೆ ಪಕ್ಕದಲ್ಲಿ ಹಳೆಯದೊಂದು ಇರಬೇಕು.

100 ದಿನ ಶುರುವಾದದ್ದು ಯಾವಾಗ?

ಸುಮಾರು 90 ಕಡೆಯಿಂದ ಆಸಕ್ತಿ ಪತ್ರಗಳು ಬಂದವು. ಜುಲೈ 7ರಂದು ಫ್ರಾನ್ಸ್‌ನ ವಿದ್ಯುತ್ ಕಂಪನಿ ನಿಯೋಎನ್ ಮತ್ತು ಟೆಸ್ಲಾ ಆಯ್ಕೆಯಾದವು. ಜಾಗ ಜೇಮ್ಸ್‌ಟೌನ್ ಊರಿನ ಹತ್ತಿರ, ನಿಯೋಎನ್‌ನ ಹಾರ್ನ್ಸ್‌ಡೇಲ್ ಗಾಳಿ ಕೇಂದ್ರದ ಪಕ್ಕ. ಗಾತ್ರ: ಒಂದು ಹೊತ್ತಿಗೆ ಹೆಚ್ಚೆಂದರೆ 100 ಮೆಗಾವ್ಯಾಟ್ ಕೊಡಬಲ್ಲದು, ಒಟ್ಟು 129 ಮೆಗಾವ್ಯಾಟ್-ಅವರ್ ಕೂಡಿಡಬಲ್ಲದು. ಖರ್ಚು ಸುಮಾರು 9 ಕೋಟಿ ಆಸ್ಟ್ರೇಲಿಯನ್ ಡಾಲರ್.

ಗಡಿಯಾರ ಶುರುವಾದದ್ದು ಸೆಪ್ಟೆಂಬರ್ 29ಕ್ಕೆ, ಗ್ರಿಡ್ ಸಂಪರ್ಕದ ಒಪ್ಪಂದಕ್ಕೆ ಒಪ್ಪಿಗೆ ಸಿಕ್ಕಿದ ಮೇಲೆ. ಅಷ್ಟರಲ್ಲಿ ಅರ್ಧದಷ್ಟು ಬ್ಯಾಟರಿ ಪೆಟ್ಟಿಗೆಗಳು ಆಗಲೇ ಜಾಗದಲ್ಲಿ ಕೂತಿದ್ದವು. ಡಿಸೆಂಬರ್ 1ರಂದು ಬ್ಯಾಟರಿ ಅಧಿಕೃತವಾಗಿ ಚಾಲೂ ಆಯಿತು. ಗಡಿಯಾರದ ಲೆಕ್ಕದಲ್ಲಿ 63 ದಿನ. ಇದನ್ನು ಯಾರ ಕೆಲಸವನ್ನೂ ಕಡಿಮೆ ಮಾಡಲು ಹೇಳುತ್ತಿಲ್ಲ. ಒಂಬತ್ತು ತಿಂಗಳಲ್ಲಿ ಮಾತಿನಿಂದ ಯಂತ್ರದವರೆಗೆ ಬಂದದ್ದು ವಿದ್ಯುತ್ ವಲಯದಲ್ಲಿ ನಿಜಕ್ಕೂ ಅಪರೂಪ. ಆದರೆ ಬೇರೆ ಸಂಸ್ಥೆಯವರು ಈ ಕಥೆ ಕೇಳಿ 100 ದಿನದಲ್ಲಿ ನಮಗೂ ಆಗುತ್ತದೆ ಎಂದುಕೊಂಡರೆ ಮೋಸ ಹೋಗುತ್ತಾರೆ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದದ ಮೇಲೆ, ಮಾದರಿಗಳ ಮೇಲೆ, ಸಂಪರ್ಕದ ಪರೀಕ್ಷೆಗಳ ಮೇಲೆ ನಡೆದ ಕೆಲಸ ಆ 63 ದಿನದಲ್ಲಿ ಕಾಣುವುದಿಲ್ಲ.

ನನಗೆ ಈ ಇಡೀ ಪ್ರಕರಣದಲ್ಲಿ ತುಂಬಾ ಹಿಡಿಸಿದ್ದು ಯಂತ್ರಕ್ಕಿಂತ ಒಪ್ಪಂದ. ಸರ್ಕಾರ ಬ್ಯಾಟರಿ ಕೊಳ್ಳಲಿಲ್ಲ. ಒಡೆತನ ನಿಯೋಎನ್‌ದೇ. 100ರಲ್ಲಿ 70 ಮೆಗಾವ್ಯಾಟ್ ರಾಜ್ಯದ ಗ್ರಿಡ್ ಕಾಯಲು ಮೀಸಲು. ಅದು ಓಡುವುದು ಹತ್ತು ನಿಮಿಷದ ಲೆಕ್ಕದಲ್ಲಿ. ಉಳಿದ 30 ಮೆಗಾವ್ಯಾಟ್ ಸುಮಾರು ಮೂರು ಗಂಟೆ ಓಡುವಷ್ಟು. ಅದನ್ನು ನಿಯೋಎನ್ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡಬಹುದು: ಅಗ್ಗವಾದಾಗ ತುಂಬಿಸು, ದುಬಾರಿಯಾದಾಗ ಮಾರು. ಇದಕ್ಕೆ ರಾಜ್ಯ ಹತ್ತು ವರ್ಷಕ್ಕೆ ಹೆಚ್ಚೆಂದರೆ 5 ಕೋಟಿ ಡಾಲರ್ ಕೊಡಬೇಕು.

ಇದನ್ನು ಬಿಡಿಸಿ ನೋಡಿ. ರಾಜ್ಯಕ್ಕೆ ಬೇಕಿದ್ದದ್ದು ಪೆಟ್ಟಿಗೆಗಳಲ್ಲ, ಕೆಟ್ಟ ಗಳಿಗೆಯಲ್ಲಿ ಸಿಗುವ ಹತ್ತು ನಿಮಿಷ. ರಾಜ್ಯ ಆ ಹತ್ತು ನಿಮಿಷಕ್ಕೆ ಮಾತ್ರ ಹಣ ಕೊಟ್ಟಿತು. ಬ್ಯಾಟರಿ ಬೇಗ ಹಳೆಯದಾದರೆ, ಮಾರುಕಟ್ಟೆಯ ಬೆಲೆ ಬಿದ್ದರೆ, ಆ ಚಿಂತೆ ಒಡೆಯನದ್ದು. ಹೊಸ ತಂತ್ರಜ್ಞಾನ ತರುವಾಗ ಸಂಸ್ಥೆಗಳು ಸಾಮಾನ್ಯವಾಗಿ ವಸ್ತುವಿಗೆ ಟೆಂಡರ್ ಕರೆಯುತ್ತವೆ: ಇಷ್ಟು ಮೆಗಾವ್ಯಾಟ್, ಇಷ್ಟು ವರ್ಷದ ವಾರಂಟಿ. ವಸ್ತು ಬಂದು ಅಂಗಳದಲ್ಲಿ ಕೂತ ಮೇಲೆ, ಇದರಿಂದ ಯಾವ ಕೆಲಸ ತೆಗೆಯಬೇಕು ಎಂದು ಯೋಚನೆ ಶುರುವಾಗುತ್ತದೆ. ಇಲ್ಲಿ ಕ್ರಮ ತಲೆಕೆಳಗಾಗಲಿಲ್ಲ. ಕೆಲಸ ಮೊದಲು, ವಸ್ತು ಆಮೇಲೆ.

ಆ ಕೆಲಸವನ್ನೂ ಬರೀ ಮಾತಿನಲ್ಲಿ ಬಿಡಲಿಲ್ಲ. ಪ್ರಸರಣ ಸಂಸ್ಥೆ ಎಲೆಕ್ಟ್ರಾನೆಟ್ 2017ರ ಡಿಸೆಂಬರ್‌ನಲ್ಲೇ ಹೊಸ ರಕ್ಷಣಾ ಯೋಜನೆಯೊಂದನ್ನು ಚಾಲೂ ಮಾಡಿತು. ಹೇವುಡ್ ಸಂಪರ್ಕದ ಮೇಲೆ ಭಾರ ಅಪಾಯದ ಮಟ್ಟಕ್ಕೆ ಹೋಗುತ್ತಿದೆ ಎಂದು ಕಂಡ ಕೂಡಲೇ ಮೊದಲು ಬ್ಯಾಟರಿ ಪೂರ್ತಿ ಸುರಿಯಬೇಕು. ಸಾಲದಿದ್ದರೆ ಆಯ್ದ ಕಡೆ ಲೋಡ್ ಕತ್ತರಿಸಬೇಕು. ಅದೂ ಸಾಲದಿದ್ದರೆ ಮಾತ್ರ ಸಂಪರ್ಕ ಬಿಡಿಸಬೇಕು. 2016ರಲ್ಲಿ ನೇರ ಮೂರನೇ ಮೆಟ್ಟಿಲಿಗೆ ಹೋಗಿ ಬಿದ್ದಿದ್ದರು. ಈಗ ಅದಕ್ಕೆ ಮುಂಚೆ ಎರಡು ಮೆಟ್ಟಿಲು ಕಟ್ಟಿದರು.

ವೇಗಕ್ಕೆ ಬೆಲೆ ಯಾರು ಕೊಡುತ್ತಾರೆ?

ಚಾಲೂ ಆಗಿ ಎರಡು ವಾರ. ಡಿಸೆಂಬರ್ 14ರ ನಡುರಾತ್ರಿ, 2 ಗಂಟೆಗೆ ಸ್ವಲ್ಪ ಮುಂಚೆ ವಿಕ್ಟೋರಿಯಾದ ಲಾಯ್ ಯಾಂಗ್ ಕಲ್ಲಿದ್ದಲು ಸ್ಥಾವರದ ಒಂದು ಘಟಕ ಟ್ರಿಪ್ ಆಯಿತು. 560 ಮೆಗಾವ್ಯಾಟ್ ಹೋಯಿತು. ಫ್ರೀಕ್ವೆನ್ಸಿ 49.80 ಹರ್ಟ್ಸ್‌ಗೆ ಇಳಿಯಿತು. ಈ ಕೊರತೆ ತುಂಬಲು ಒಪ್ಪಿಕೊಂಡಿದ್ದದ್ದು ಕ್ವೀನ್ಸ್‌ಲ್ಯಾಂಡ್‌ನ ಒಂದು ಕಲ್ಲಿದ್ದಲು ಘಟಕ. ಅದು ಏಳುವ ಮೊದಲೇ ಸುಮಾರು ಸಾವಿರ ಕಿಲೋಮೀಟರ್ ದೂರದ ಹಾರ್ನ್ಸ್‌ಡೇಲ್ ಬ್ಯಾಟರಿ 7.3 ಮೆಗಾವ್ಯಾಟ್ ಸುರಿದಿತ್ತು.

7.3 ಅಂದರೆ 560ರ ಮುಂದೆ ಏನೂ ಅಲ್ಲ. ಬ್ಯಾಟರಿ ಗ್ರಿಡ್ ಉಳಿಸಿತು ಎಂದು ಆಗ ಬರೆದವರು ಜಾಸ್ತಿಯೇ ಹೇಳಿದರು. ಆದರೆ ಎಂಜಿನಿಯರ್‌ಗಳು ಅದರ ಗ್ರಾಫ್ ನೋಡಿ ಸುಮ್ಮನೆ ಕೂರಲಿಲ್ಲ, ಅದಕ್ಕೆ ಕಾರಣವೂ ಇತ್ತು. ಕಲ್ಲಿದ್ದಲು ಸ್ಥಾವರದ ಉಗಿಯಂತ್ರ ಹೇಳಿದ್ದನ್ನು ಸ್ವಲ್ಪ ತಡವಾಗಿ, ಸ್ವಲ್ಪ ಅತ್ತಿತ್ತ ಮಾಡಿ ಮುಟ್ಟಿಸುತ್ತದೆ. ಬ್ಯಾಟರಿ ಹೇಳಿದ ಗೆರೆಯ ಮೇಲೆಯೇ ನಡೆಯುತ್ತದೆ.

ಈಗ ತಮಾಷೆಯಲ್ಲದ ಒಂದು ತೊಡಕು ನೋಡಿ. ಫ್ರೀಕ್ವೆನ್ಸಿ ಕಾಯುವ ಸೇವೆಗೆ ಅಲ್ಲಿ ಮಾರುಕಟ್ಟೆ ಇದೆ. ಆಗ ಅದರಲ್ಲಿ ಅತಿ ವೇಗದ ವರ್ಗವೆಂದರೆ 6 ಸೆಕೆಂಡ್. ಹಳೆಯ ಯಂತ್ರಗಳ ಕಾಲಕ್ಕೆ ಮಾಡಿದ ಅಳತೆ. ಒಂದು ಸೆಕೆಂಡಿಗಿಂತ ಬೇಗ ಬರುವವನಿಗೂ, ಆರನೇ ಸೆಕೆಂಡಿಗೆ ಬರುವವನಿಗೂ ಒಂದೇ ಸಾಲು. ವಿದ್ಯುತ್ ಮಾರಾಟದಲ್ಲೂ ಹೀಗೆಯೇ. ಐದು ನಿಮಿಷಕ್ಕೊಮ್ಮೆ ಬೆಲೆ ಬದಲಾಗುತ್ತಿದ್ದರೂ ಹಣ ಕೊಡುತ್ತಿದ್ದದ್ದು ಅರ್ಧ ಗಂಟೆಯ ಸರಾಸರಿಗೆ. ಐದು ನಿಮಿಷದ ಲೆಕ್ಕ 2021ರ ಅಕ್ಟೋಬರ್‌ನಲ್ಲಿ ಬಂತು. ಒಂದು ಸೆಕೆಂಡಿನ ಸೇವೆಗೆ ಪ್ರತ್ಯೇಕ ಮಾರುಕಟ್ಟೆ ಬಂದದ್ದು 2023ರ ಅಕ್ಟೋಬರ್‌ನಲ್ಲಿ. ಯಂತ್ರ ಬಂದು ಸುಮಾರು ಆರು ವರ್ಷದ ಮೇಲೆ.

ಹಾಗಿದ್ದರೂ ಬ್ಯಾಟರಿ ಲಾಭ ಮಾಡಿತು, ಜನರಿಗೂ ಉಳಿಸಿತು. ರಾಜ್ಯ ಒಂಟಿಯಾಗುವ ಅಪಾಯ ಇದ್ದ ಹೊತ್ತಿನಲ್ಲಿ 35 ಮೆಗಾವ್ಯಾಟ್‌ನಷ್ಟು ಫ್ರೀಕ್ವೆನ್ಸಿ ನಿಯಂತ್ರಣ ಸೇವೆ ರಾಜ್ಯದೊಳಗಿನಿಂದಲೇ ಸಿಗಬೇಕೆಂದು ಕಡ್ಡಾಯ ಇತ್ತು. ಕೊಡುವವರು ಬೆರಳೆಣಿಕೆಯ ಅನಿಲ ಸ್ಥಾವರಗಳು. ಬೆಲೆ ಮೆಗಾವ್ಯಾಟ್‌ಗೆ ಸಾವಿರಾರು ಡಾಲರ್‌ಗೆ ಹಾರುತ್ತಿತ್ತು. ಬ್ಯಾಟರಿ ಸ್ಪರ್ಧೆಗೆ ಇಳಿದ ಮೇಲೆ ಆ ಹಾರಾಟ ನಿಂತಿತು. 2018ರಲ್ಲಿ ಸುಮಾರು 4 ಕೋಟಿ ಡಾಲರ್, 2019ರಲ್ಲಿ 11.6 ಕೋಟಿ ಡಾಲರ್ ಉಳಿತಾಯವಾಯಿತು ಎಂದು ಆರೆಕಾನ್ ಎಂಬ ಸಲಹಾ ಸಂಸ್ಥೆ ಲೆಕ್ಕ ಹಾಕಿತು. ಬ್ಯಾಟರಿ ಇಲ್ಲದಿದ್ದರೆ ಬೆಲೆ ಎಷ್ಟಿರುತ್ತಿತ್ತು ಎಂಬ ಅಂದಾಜಿನ ಮೇಲೆ ನಿಂತ ಲೆಕ್ಕ ಇದು, ಅಷ್ಟು ಎಚ್ಚರದಿಂದ ಓದಬೇಕು. ಆದರೂ ದಿಕ್ಕಿನ ಬಗ್ಗೆ ಅನುಮಾನವಿಲ್ಲ.

ಅದೇ ತಪ್ಪು, ಈ ಸಲ ಬ್ಯಾಟರಿಯೊಳಗೆ

ಹೊಗಳಿಕೆ ಇಲ್ಲಿಗೆ ನಿಲ್ಲಿಸುತ್ತೇನೆ. ಈ ಪ್ರಕರಣವನ್ನು ಓದುವ ಬಹಳ ಜನ ಬಿಟ್ಟುಬಿಡುವ ಅಧ್ಯಾಯ ಇನ್ನೂ ಇದೆ.

2019ರ ಅಕ್ಟೋಬರ್ 9ರಂದು ಕ್ವೀನ್ಸ್‌ಲ್ಯಾಂಡ್‌ನ ಕೋಗನ್ ಕ್ರೀಕ್ ಸ್ಥಾವರ ಟ್ರಿಪ್ ಆಯಿತು. ಫ್ರೀಕ್ವೆನ್ಸಿ ಇಳಿಯಿತು. ಹಾರ್ನ್ಸ್‌ಡೇಲ್ ಬ್ಯಾಟರಿ ಮಾತು ಕೊಟ್ಟಷ್ಟು ಕರೆಂಟ್ ಕೊಡಲಿಲ್ಲ. ಎಇಎಂಒ ಅಂಕಿಗಳನ್ನು ಹೊಂದಿಸಿ ನೋಡಿದಾಗ ಇದು ಬಯಲಾಯಿತು. ಬ್ಯಾಟರಿ ಫ್ರೀಕ್ವೆನ್ಸಿಗೆ ಎಷ್ಟು ಬಲವಾಗಿ ಪ್ರತಿಕ್ರಿಯಿಸಬೇಕು ಎಂದು ಹೇಳುವ ಸೆಟ್ಟಿಂಗ್ ಸರಿಯಿರಲಿಲ್ಲ. ಆ ವರ್ಷ ಜುಲೈನಿಂದ ನವೆಂಬರ್‌ವರೆಗೆ, ಸುಮಾರು ನಾಲ್ಕು ತಿಂಗಳು, ತನ್ನಿಂದ ಪೂರ್ತಿ ಆಗದ ಸೇವೆಯನ್ನು ಅದು ಮಾರುಕಟ್ಟೆಯಲ್ಲಿ ಕೊಡುತ್ತೇನೆ ಎಂದಿತ್ತು, ಅದಕ್ಕೆ ಹಣವನ್ನೂ ಪಡೆದಿತ್ತು. ನಿಯಂತ್ರಕ ಸಂಸ್ಥೆ ಕೋರ್ಟಿಗೆ ಹೋಯಿತು. 2022ರಲ್ಲಿ ಫೆಡರಲ್ ಕೋರ್ಟ್ ಬ್ಯಾಟರಿಯ ಕಂಪನಿಗೆ 9 ಲಕ್ಷ ಡಾಲರ್ ದಂಡ ಹಾಕಿತು.

ಇದನ್ನು ಮೊದಲ ಸಲ ಓದಿದಾಗ ನನಗೆ 2016ರ ಗಾಳಿಯಂತ್ರಗಳೇ ನೆನಪಾದವು. ಒಂದು ತಂತ್ರಜ್ಞಾನ ಕತ್ತಲೆ ತಂದಿತೆಂದೂ, ಇನ್ನೊಂದು ಬೆಳಕು ತಂದಿತೆಂದೂ ನಾವು ಕಥೆ ಕಟ್ಟಿಕೊಂಡಿದ್ದೆವು. ಎರಡರ ಒಳಗೂ ಇದ್ದದ್ದು ಒಂದೇ ಬಗೆಯ ದೋಷ. ಪರದೆಯ ಮೇಲೆ ಮೆಗಾವ್ಯಾಟ್ ಸರಿಯಾಗಿ ಕಾಣುತ್ತದೆ. ದಿನನಿತ್ಯದ ಕೆಲಸ ಸರಿಯಾಗಿ ನಡೆಯುತ್ತದೆ. ಒಳಗಿನ ಅಂಕಿ ತಪ್ಪಿದೆ ಎಂದು ಗೊತ್ತಾಗುವುದು ಕೆಟ್ಟ ದಿನ ಬಂದಾಗ ಮಾತ್ರ. ಹಳೆಯ ಉಗಿಯಂತ್ರದ ಗುಣ ಅದರ ತೂಕದಲ್ಲಿ, ಕಬ್ಬಿಣದಲ್ಲಿ ಇರುತ್ತದೆ. ರಾತ್ರೋರಾತ್ರಿ ಬದಲಾಗುವುದಿಲ್ಲ. ಬ್ಯಾಟರಿಯಂತೆ ಇನ್ವರ್ಟರ್ ಮೂಲಕ, ಅಂದರೆ ಕರೆಂಟನ್ನು ಗ್ರಿಡ್‌ಗೆ ಹೊಂದುವಂತೆ ಬದಲಾಯಿಸುವ ಎಲೆಕ್ಟ್ರಾನಿಕ್ ಸಾಧನದ ಮೂಲಕ, ಗ್ರಿಡ್‌ಗೆ ಸೇರುವ ಯಂತ್ರದ ಗುಣ ಅದರ ಸಾಫ್ಟ್‌ವೇರ್‌ನಲ್ಲಿ ಇರುತ್ತದೆ. ಅದನ್ನು ಒಬ್ಬರು ಮೇಜಿನ ಮುಂದೆ ಕೂತು ಬದಲಾಯಿಸಬಹುದು. ಹಾಗಾಗಿ ಒಮ್ಮೆ ಪರೀಕ್ಷಿಸಿ ಸರ್ಟಿಫಿಕೇಟ್ ಕೊಟ್ಟು ಕಡತ ಮುಚ್ಚುವ ಹಳೆಯ ಪದ್ಧತಿ ಇಲ್ಲಿ ಸಾಲದು. ಸೆಟ್ಟಿಂಗ್ ಬದಲಾದಾಗೆಲ್ಲ ಯಂತ್ರ ಹೊಸದೇ ಎಂದು ತಿಳಿಯಬೇಕು.

2016ಕ್ಕೂ 2019ಕ್ಕೂ ಒಂದು ದೊಡ್ಡ ವ್ಯತ್ಯಾಸವಿತ್ತು, ಅದನ್ನು ಹೇಳಲೇಬೇಕು. ಎರಡನೇ ಸಲ ತಪ್ಪು ಸಿಕ್ಕಿಬಿದ್ದದ್ದು ರಾಜ್ಯ ಕತ್ತಲಾಗುವ ಮೊದಲು. ಯಾರೋ ಒಂದು ಸಾಮಾನ್ಯ ಘಟನೆಯ ದಾಖಲೆ ತೆಗೆದು, ಕೊಡಬೇಕಾದ್ದನ್ನೂ ಕೊಟ್ಟದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಈ ಕೆಲಸಕ್ಕೆ ಉದ್ಘಾಟನೆ ಇರುವುದಿಲ್ಲ, ಫೋಟೋ ಇರುವುದಿಲ್ಲ. ಹೊಸ ತಂತ್ರಜ್ಞಾನ ನಿರ್ವಹಿಸುವ ಸಂಸ್ಥೆ ಒಂದೇ ಒಂದು ಹೊಸ ಹುದ್ದೆ ಮಾಡುವುದಾದರೆ, ಅದು ಈ ಕೆಲಸಕ್ಕೇ ಆಗಲಿ ಎನ್ನುತ್ತೇನೆ.

ನಿಯೋಎನ್ ಮತ್ತು ಟೆಸ್ಲಾ ಕಂಪನಿಗಳ ಮುಂದಿನ ದೊಡ್ಡ ಬ್ಯಾಟರಿ ಯೋಜನೆ ವಿಕ್ಟೋರಿಯಾದಲ್ಲಿ, 300 ಮೆಗಾವ್ಯಾಟ್‌ದು. 2021ರ ಜುಲೈ 30ರಂದು ಪರೀಕ್ಷೆಯ ಹಂತದಲ್ಲೇ ಅಲ್ಲಿ ಬೆಂಕಿ ಹತ್ತಿ ಎರಡು ಬ್ಯಾಟರಿ ಘಟಕಗಳು ಸುಟ್ಟವು. ತಂಪು ಮಾಡುವ ದ್ರವ ಸೋರಿದ್ದೇ ಕಾರಣವಿರಬಹುದು ಎಂದು ತನಿಖೆ ಹೇಳಿತು. ಆದರೆ ಸೋರಿಕೆ ಏಕೆ ಕಾಣಲಿಲ್ಲ? ಹೊಸ ಘಟಕ ನಿಗಾ ವ್ಯವಸ್ಥೆಗೆ ಸೇರಲು 24 ಗಂಟೆ ಬೇಕಿತ್ತು. ಆ ಘಟಕ 13 ಗಂಟೆ ಓಡಿತ್ತು, ಆಮೇಲೆ ಕೀಲಿ ತಿರುಗಿಸಿ ಆರಿಸಿದ್ದರು. ಆರಿಸಿದಾಗ ಅದರ ಕೆಲವು ರಕ್ಷಣೆಗಳೂ ಆರಿದವು. ಯಂತ್ರ ಇತ್ತು, ಅದನ್ನು ನೋಡುವ ಕಣ್ಣು ಇನ್ನೂ ತೆರೆದಿರಲಿಲ್ಲ. ನಂತರ ಆ 24 ಗಂಟೆಯನ್ನು ಒಂದು ಗಂಟೆಗೆ ಇಳಿಸಿದರು.

ಹಳೆಯ ಯಂತ್ರ ವಾಪಸ್ ಬಂತು

2020ರ ಜನವರಿ 31ರಂದು ಬಿರುಗಾಳಿಗೆ ವಿಕ್ಟೋರಿಯಾದಲ್ಲಿ ಟವರ್‌ಗಳು ಬಿದ್ದವು. ದಕ್ಷಿಣ ಆಸ್ಟ್ರೇಲಿಯಾ ಉಳಿದ ಗ್ರಿಡ್‌ನಿಂದ ಮತ್ತೆ ಬೇರೆಯಾಯಿತು. 2016ರಲ್ಲಿ ಬೇರೆಯಾದ ಕ್ಷಣದಲ್ಲೇ ಕತ್ತಲಾಗಿದ್ದ ರಾಜ್ಯ, ಈ ಸಲ ಎರಡು ವಾರಕ್ಕೂ ಜಾಸ್ತಿ ಒಂಟಿಯಾಗಿಯೇ ನಿಂತಿತು. ಫೆಬ್ರವರಿ 17ರವರೆಗೆ. ಬ್ಯಾಟರಿಗಳು ಫ್ರೀಕ್ವೆನ್ಸಿ ಹಿಡಿದವು, ಅನಿಲ ಸ್ಥಾವರಗಳು ಓಡಿದವು, ಕಂಟ್ರೋಲ್ ರೂಮಿನವರು ಹಗಲು ರಾತ್ರಿ ಲೆಕ್ಕ ಹಾಕಿದರು. ಎರಡು ಘಟನೆಗಳಲ್ಲಿ ಗಾಳಿಯ ಪೆಟ್ಟು ಒಂದೇ ತರಹದ್ದಲ್ಲ, ನೇರ ಹೋಲಿಕೆ ಸರಿಯಲ್ಲ. ಆದರೆ ಒಂಟಿಯಾಗಿ ಬದುಕುವುದನ್ನು ಆ ಗ್ರಿಡ್ ಕಲಿತಿತ್ತು.

ಇನ್ನೂ ಒಂದು ಕೊರತೆ ಉಳಿದಿತ್ತು. ತಿರುಗುವ ಭಾರಿ ಯಂತ್ರಗಳಿಗೆ ಜಡತ್ವ ಇರುತ್ತದೆ. ಪೆಟ್ಟು ಬಿದ್ದಾಗ ಫ್ರೀಕ್ವೆನ್ಸಿ ಥಟ್ಟನೆ ಬೀಳದಂತೆ ಅವು ತಡೆಯುತ್ತವೆ. ಕಲ್ಲಿದ್ದಲು ಹೋದ ಮೇಲೆ ರಾಜ್ಯದಲ್ಲಿ ಅದು ಕಡಿಮೆಯಾಗಿತ್ತು. ಇದಕ್ಕೆ ಎಲೆಕ್ಟ್ರಾನೆಟ್ ಆರಿಸಿದ್ದು ಬಹಳ ಹಳೆಯ ಯಂತ್ರ: ಸಿಂಕ್ರೊನಸ್ ಕಂಡೆನ್ಸರ್. ಇಂಧನ ಬೇಡ, ಕರೆಂಟ್ ಹುಟ್ಟಿಸುವುದಿಲ್ಲ, ಸುಮ್ನೆ ತಿರುಗುತ್ತಾ ಗ್ರಿಡ್‌ಗೆ ಆಸರೆ ಕೊಡುತ್ತದೆ. ಅದಕ್ಕೆ ದೊಡ್ಡ ಚಕ್ರ ಕಟ್ಟಿ ಜಡತ್ವ ಹೆಚ್ಚಿಸಿದರು. 2021ರಲ್ಲಿ ಡೇವನ್‌ಪೋರ್ಟ್ ಮತ್ತು ರಾಬರ್ಟ್ಸ್‌ಟೌನ್‌ನಲ್ಲಿ ನಾಲ್ಕು ಯಂತ್ರಗಳು ಚಾಲೂ ಆದವು. ಗ್ರಿಡ್ ಗಟ್ಟಿಯಾಗಿರಲೆಂದು ಸದಾ ಓಡಿಸಬೇಕಿದ್ದ ಅನಿಲ ಘಟಕಗಳನ್ನು ಆಮೇಲೆ ನಾಲ್ಕರಿಂದ ಎರಡಕ್ಕೆ ಇಳಿಸಲು ಆಯಿತು. ಹೊಸತನ ಅಂದರೆ ಹೊಸ ವಸ್ತು ಎಂದೇ ಅರ್ಥ ಮಾಡಿಕೊಂಡಿದ್ದರೆ ಇದು ಯಾರ ತಲೆಗೂ ಹೊಳೆಯುತ್ತಿರಲಿಲ್ಲ.

ಅದೇ ಹೊತ್ತಿಗೆ ಹಾರ್ನ್ಸ್‌ಡೇಲ್ ಬ್ಯಾಟರಿಯೂ ಬೆಳೆಯಿತು. 2020ರಲ್ಲಿ 50 ಮೆಗಾವ್ಯಾಟ್ ಸೇರಿ 150 ಆಯಿತು. ಈ ಸಲ ಗುರಿ ಬೇರೆ. ಬ್ಯಾಟರಿಯ ಇನ್ವರ್ಟರ್‌ಗಳು ತಿರುಗುವ ಯಂತ್ರದ ಹಾಗೆ ನಡೆದುಕೊಂಡು ಜಡತ್ವ ಕೊಡಬಲ್ಲವೇ ಎಂದು ನೋಡುವುದು. ರಾಜ್ಯ ಸರ್ಕಾರ ಐದು ವರ್ಷಕ್ಕೆ 1.5 ಕೋಟಿ ಡಾಲರ್ ಕೊಟ್ಟಿತು, ಕೇಂದ್ರದ ನವೀಕರಿಸಬಹುದಾದ ಇಂಧನ ಸಂಸ್ಥೆ 80 ಲಕ್ಷ ಕೊಟ್ಟಿತು.

ಪೆಟ್ಟಿಗೆಗಳು ಬೇಗ ಬಂದು ಕೂತವು. ಆದರೆ ಈ ಬಾರಿ ಯಾರೂ ದಿನ ಎಣಿಸಿ ಪಂದ್ಯ ಕಟ್ಟಲಿಲ್ಲ. ಮೊದಲು ಕೆಲವೇ ಇನ್ವರ್ಟರ್‌ಗಳಲ್ಲಿ ಹೊಸ ಸೆಟ್ಟಿಂಗ್ ಹಾಕಿ ನೋಡಿದರು. ನಿಜವಾದ ಘಟನೆಗಳಲ್ಲಿ ಅವು ಹೇಗೆ ನಡೆದುಕೊಂಡವು ಎಂದು ಅಳೆದರು. ಮಾದರಿ ಹೇಳಿದ್ದಕ್ಕೂ ಯಂತ್ರ ಮಾಡಿದ್ದಕ್ಕೂ ತಾಳೆ ನೋಡಿದರು. ಇಡೀ ಬ್ಯಾಟರಿಗೆ ಎಇಎಂಒ ಒಪ್ಪಿಗೆ ಸಿಕ್ಕಿದ್ದು 2022ರ ಜುಲೈನಲ್ಲಿ. ಮೊದಲ ಬ್ಯಾಟರಿ ಕಟ್ಟಲು 63 ದಿನ ಎಂದು ಎಣಿಸಿದ್ದ ಅದೇ ಜಾಗದಲ್ಲಿ, ಒಂದು ಸೆಟ್ಟಿಂಗ್ ನಂಬಲು ಸುಮಾರು ಎರಡು ವರ್ಷ ತೆಗೆದುಕೊಂಡರು.